ಸೆಲ್ಫ್ ಮೋಟರ್: ಕಂಪನಿದು ಒಳ್ಳೇದಾ, ಲೋಕಲ್ ಸಾಕಾ?

ಹಲಕುಂದಿಯಲ್ಲಿರೋ ನಮ್ಮ ಗೆಳೆಯನ ಸೋದರಮಾವನ ಟ್ರ್ಯಾಕ್ಟರ್ ಸರಿಯಾಗಿ ಬಿತ್ತನೆ ಟೈಮಲ್ಲೇ ಕೈಕೊಡ್ತು. ಕೀ ತಿರುಗಿಸಿದರೆ ಇಂಜಿನ್ ‘ಊಂ... ಊಂ’ ಅಂತ ನಿಧಾನಕ್ಕೆ ತಿರುಗಿ ನಿಲ್ಲೋದು. ಬ್ಯಾಟರಿ ಹೊಸದು. ಹಾಗಾದ್ರೆ ಸೆಲ್ಫೇ ಹೋಗಿದೆ ಅಂತ ತೀರ್ಮಾನ ಆಯ್ತು. ಕಂಪನಿ ಸೆಲ್ಫ್ ರೇಟ್ ಕೇಳಿ ಬೆಚ್ಚಿದ ಮಾವ ಬಳ್ಳಾರಿಯಿಂದ ಲೋಕಲ್ ಮೋಟರ್ ತಂದ್ರು, ಹಳೇದನ್ನ ಅಲ್ಲೇ ಬದಲಿಗೆ ಕೊಟ್ಟು ಬಂದ್ರು. ಹಾಕಿದ ಮೇಲೂ ಅದೇ ರಾಗ. ಮನೆಯಲ್ಲಿ ಎಲ್ಲರೂ ಬೈದದ್ದು ಆ ಲೋಕಲ್ ಮೋಟರನ್ನೇ.

ಕೊನೆಗೆ ಬಂದ ವಯಸ್ಸಾದ ಮೆಕ್ಯಾನಿಕ್ ಕೇಳಿದ್ದು ಒಂದೇ ಮಾತು: “ಅರ್ತ್ ನೋಡಿದ್ರೇನ್ರಿ?” ಅರ್ತ್ ವೈರ್ ಚಾಸಿಗೆ ಕೂಡೋ ಬೋಲ್ಟ್ ಕೆಳಗೆ ಪೂರ್ತಿ ತುಕ್ಕು. ಉಜ್ಜಿ ಬಿಗಿ ಮಾಡಿದ ತಕ್ಷಣ ಇಂಜಿನ್ ಚಾಲೂ! ಅಂದ್ರೆ ಬದಲಿಗೆ ಕೊಟ್ಟ ಕಂಪನಿ ಸೆಲ್ಫ್ ಬಹುಶಃ ಚೆನ್ನಾಗೇ ಇತ್ತು.

ಇದು ಹೇಗೆ ಅಂತ ಲೆಕ್ಕ ಹಾಕೋಣ. ಸೆಲ್ಫ್ 250 ಆಂಪಿಯರ್ ಎಳೆಯುತ್ತೆ, ತುಕ್ಕಿನ ಜಾಯಿಂಟ್‌ನ ರೆಸಿಸ್ಟೆನ್ಸ್ ಬರೀ 0.01 ಓಮ್ ಅಂತ ಇಟ್ಟುಕೊಳ್ಳಿ. ಮಾಮೂಲಿ ಮಲ್ಟಿಮೀಟರ್‌ನ ಓಮ್ ರೇಂಜಲ್ಲಿ ಅದು ಸೊನ್ನೆ ಅಂತಲೇ ಕಾಣುತ್ತೆ. ಆದ್ರೆ ಓಮ್ ನಿಯಮದ ಪ್ರಕಾರ 250 × 0.01 = 2.5 ವೋಲ್ಟ್ ಅಲ್ಲೇ ಖರ್ಚು. ಲೋಡ್‌ನಲ್ಲಿ ಬ್ಯಾಟರಿ 10.5 ವೋಲ್ಟ್ ಕೊಡ್ತಿದ್ರೆ ಮೋಟರ್‌ಗೆ ಸಿಗೋದು 8. ಉಳಿದ 625 ವ್ಯಾಟ್ ಜಾಯಿಂಟನ್ನ ಕಾಯಿಸೋಕೆ ಹೋಗುತ್ತೆ. ಮೆಕ್ಯಾನಿಕ್‌ಗಳು ಸೆಲ್ಫ್ ಹೊಡೆದ ಮೇಲೆ ವೈರ್ ಮುಟ್ಟಿ ನೋಡೋದು ಇದಕ್ಕೇ. (ನಾವು ಎರಡು ಸೆಮಿಸ್ಟರ್ ಓಮ್ ನಿಯಮ ಬರೆದು ಪಾಸಾದ್ವಿ, ವೈರ್ ಮುಟ್ಟಿದ್ದು ಮಾತ್ರ ಇದೇ ಮೊದಲು.)

ಹಾಗಾಗಿ ಎರಡು ಮೋಟರ್ ಹೋಲಿಸೋಕೆ ಮುಂಚೆ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಸೆಲ್ಫ್‌ನ ಬಾಡಿಗೂ ಮೀಟರ್ ಹಿಡಿದು, ಇಂಜಿನ್ ತಿರುಗುವಾಗಲೇ ವೋಲ್ಟ್ ನೋಡಿ. ಅರ್ಧ ವೋಲ್ಟ್ ದಾಟಿದ್ರೆ ತಪ್ಪು ಮೋಟರ್‌ದಲ್ಲ.

ಇನ್ನು ನಿಜವಾದ ವ್ಯತ್ಯಾಸಕ್ಕೆ ಬರೋಣ. ಹೊರಗಿನಿಂದ ಎರಡೂ ಒಂದೇ ಥರ. ವ್ಯತ್ಯಾಸ ಇದ್ರೆ ಒಳಗೆ: ತಾಮ್ರ ಎಷ್ಟು ದಪ್ಪ, ಕಾರ್ಬನ್ ಬ್ರಶ್‌ನಲ್ಲಿ ತಾಮ್ರದ ಪಾಲೆಷ್ಟು, ಬುಷ್ ಎಷ್ಟು ಸರಿಯಾಗಿ ಕೂತಿದೆ ಅನ್ನೋದರಲ್ಲಿ. ತಂತಿ ಸಣ್ಣದಾದ್ರೆ ರೆಸಿಸ್ಟೆನ್ಸ್ ಹೆಚ್ಚು, ಕರೆಂಟ್ ಕಮ್ಮಿ, ಟಾರ್ಕ್ ಕಮ್ಮಿ. ಬೆಳಿಗ್ಗೆ ತಂಪಲ್ಲಿ ಇದು ಗೊತ್ತೇ ಆಗಲ್ಲ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು 0.39% ಏರುತ್ತೆ. ನಮ್ಮ ಬಳ್ಳಾರಿ ಬಿಸಿಲಲ್ಲಿ, ಕಾದ ಇಂಜಿನ್ ಪಕ್ಕದಲ್ಲಿ ಮೋಟರ್ 50 ಡಿಗ್ರಿ ಹೆಚ್ಚು ಕಾದರೆ ಸುಮಾರು 20% ಏರಿಕೆ. ಒಳಗೆ ಫೆರೈಟ್ ಮ್ಯಾಗ್ನೆಟ್ ಇದ್ರೆ ಅದರ ಶಕ್ತಿಯೂ ಡಿಗ್ರಿಗೆ ಸುಮಾರು 0.2% ಇಳಿಯುತ್ತೆ. ಆದ್ದರಿಂದ ಅಗ್ಗದ ಮೋಟರನ್ನ ಮಧ್ಯಾಹ್ನ, ಗಾಡಿ ಓಡಿ ಬಂದು ನಿಂತ ಹತ್ತು ನಿಮಿಷಕ್ಕೆ ಪರೀಕ್ಷೆ ಮಾಡಬೇಕು.

‘ಲೋಕಲ್’ ಅಂದ ಮಾತ್ರಕ್ಕೆ ಎಲ್ಲಾ ಒಂದೇ ಅಲ್ಲ. ಚೆನ್ನೈನ ಲ್ಯೂಕಾಸ್ ಟಿವಿಎಸ್‌ನಂಥ ಕಂಪನಿಗಳು ಗಾಡಿ ತಯಾರಕರಿಗೂ ಕೊಡ್ತಾರೆ, ಸ್ಪೇರ್ ಅಂಗಡಿಗೂ ಮಾರ್ತಾರೆ. ಗಾಡಿ ಕಂಪನಿಯ ಡಬ್ಬಿ ಇಲ್ಲ ಅಂತ ಅದನ್ನ ಡೂಪ್ಲಿಕೇಟ್ ಅನ್ನೋಕಾಗಲ್ಲ. ಹಳೇ ಕಂಪನಿ ಮೋಟರ್‌ಗೇ ಹೊಸ ಬುಷ್, ಬ್ರಶ್ ಹಾಕಿಸೋದು ನಮ್ಮ ಪ್ರಕಾರ ಎಲ್ಲಕ್ಕಿಂತ ಜಾಣ ದಾರಿ, ಆರ್ಮೇಚರ್ ಸುಟ್ಟಿರಬಾರದು ಅಷ್ಟೇ.

ಕೊಳ್ಳುವಾಗ ಪಿನಿಯನ್ ಹಲ್ಲು ಎಣಿಸಿ, ಹಳೇದಕ್ಕೆ ಹೊಂದದಿದ್ರೆ ಫ್ಲೈವೀಲ್ ರಿಂಗ್ ಸವೆಯುತ್ತೆ. ಅಂಗಡಿಯಲ್ಲೇ ಲೋಡ್ ಇಲ್ಲದೆ ಕ್ಷಣಕಾಲ ತಿರುಗಿಸಿಸಿ ನೋಡಿ: ಕರೆಂಟ್ ಜಾಸ್ತಿ ಎಳೆದು ನಿಧಾನ ತಿರುಗಿದ್ರೆ ಬುಷ್ ಬಿಗಿ ಇದೆ ಅಥವಾ ಆರ್ಮೇಚರ್ ಉಜ್ಜುತ್ತಿದೆ. ಕರೆಂಟೂ ಕಮ್ಮಿ, ವೇಗವೂ ಕಮ್ಮಿ ಇದ್ರೆ ಬ್ರಶ್ ಸರಿಯಾಗಿ ಕೂತಿಲ್ಲ. ಮತ್ತೆ ಹಳೇದನ್ನ ಮಾತ್ರ ಅವತ್ತೇ ಕೊಟ್ಟು ಬರಬೇಡಿ. ಮಾವ ಮಾರನೇ ದಿನ ಹೋಗಿ ಕೇಳಿದಾಗ ಅವರ ಮೋಟರ್ ಆಗಲೇ ಬೇರೆ ಯಾರದೋ ಗಾಡಿಗೆ ಹೋಗಿತ್ತು.