ಎಕ್ಸ್‌ಪೋರ್ಟ್ ಕೈಕೊಟ್ಟಾಗ: ಕಾರಣ ಹಿಡಿಯುವ ಹತ್ತು ಸೂತ್ರಗಳು

ಸಾಫ್ಟ್‌ವೇರ್‌ನಲ್ಲಿ ಪ್ಲೇ ಒತ್ತಿದರೆ ತಂಬೂರಿ, ಕೊಳಲು, ತಬಲಾ ಎಲ್ಲವೂ ಸರಿ. ಎಕ್ಸ್‌ಪೋರ್ಟ್ ಮಾಡಿದ ಫೈಲು ತೆರೆದರೆ ಕೊಳಲೇ ಇಲ್ಲ, ಇಲ್ಲವೇ ಹಾಡು ಶ್ರುತಿ ಬಿಟ್ಟು ಓಡುತ್ತಿದೆ. ಅತ್ತ ಗಾಯಕಿ ಟ್ರ್ಯಾಕಿಗಾಗಿ ಕಾಯುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಕಂಡ ಕಂಡ ಸೆಟ್ಟಿಂಗ್ ಬದಲಿಸಿ ಮತ್ತೆ ಮತ್ತೆ ಎಕ್ಸ್‌ಪೋರ್ಟ್ ಒತ್ತುವುದರಿಂದ ಗೊಂದಲ ಹೆಚ್ಚುತ್ತದೆ, ಅಷ್ಟೇ. ಫೈಲು ಯಾವ ರೀತಿ ಕೆಟ್ಟಿದೆ ಎಂಬುದರಲ್ಲೇ ಕಾರಣದ ಸುಳಿವಿರುತ್ತದೆ. ರಾಗಗಳ ಸಣ್ಣ ವ್ಯತ್ಯಾಸ ಹಿಡಿಯುವ ಕಿವಿಗೆ ಈ ಸುಳಿವು ಹಿಡಿಯುವುದು ಕಷ್ಟವಲ್ಲ.

1. ಮೊದಲು ತೊಂದರೆಗೆ ಹೆಸರಿಡಿ. ಫೈಲನ್ನು ಬೇರೊಂದು ಪ್ಲೇಯರಿನಲ್ಲಿ, ಸಾಧ್ಯವಾದರೆ ಬೇರೊಂದು ಫೋನಿನಲ್ಲಿ ಹೆಡ್‌ಫೋನ್ ಹಾಕಿ ಕೇಳಿ. ಅಲ್ಲಿ ಚೆನ್ನಾಗಿದ್ದರೆ ಕೆಟ್ಟಿರುವುದು ಫೈಲಲ್ಲ, ನಿಮ್ಮ ಪ್ಲೇಯರು. ಅಲ್ಲೂ ಕೆಟ್ಟಿದ್ದರೆ ಏನು, ಎಷ್ಟನೇ ನಿಮಿಷದಲ್ಲಿ ಎಂದು ಬರೆದಿಟ್ಟುಕೊಳ್ಳಿ: ಮೌನವೋ, ವಾದ್ಯ ಕಾಣೆಯೋ, ಶ್ರುತಿ ಬದಲೋ, ಸದ್ದು ಒಡೆದಿದೆಯೋ, ಕೊನೆ ಕತ್ತರಿಸಿದೆಯೋ. ಆಮೇಲೆ ಒಮ್ಮೆಗೆ ಒಂದೇ ಸೆಟ್ಟಿಂಗ್ ಬದಲಿಸಿ.

2. ಪೂರ್ತಿ ಮೌನವೇ? ಇಲ್ಲವೇ ತುಣುಕಷ್ಟೇ ಬಂತೇ? ವ್ಯಾಪ್ತಿ ನೋಡಿ. ಇಡೀ ಹಾಡಿನ ಬದಲು ಲೂಪ್ ಹಾಕಿದ ಖಾಲಿ ಜಾಗವೋ, ಆಯ್ಕೆಯಾಗಿದ್ದ ಒಂದೇ ಟ್ರ್ಯಾಕೋ ಎಕ್ಸ್‌ಪೋರ್ಟ್ ಆಗಿರಬಹುದು. ರೀಪರ್‌ನಲ್ಲಿ ಬೌಂಡ್ಸ್ ನೋಡಿ. ಎಫ್‌ಎಲ್ ಸ್ಟುಡಿಯೋದಲ್ಲಿ ಸಾಂಗ್ ಬದಲು ಪ್ಯಾಟರ್ನ್ ಆಯ್ಕೆಯಾಗಿದ್ದರೆ ಆ ಪ್ಯಾಟರ್ನಿನ ತುಂಡು ಮಾತ್ರ ಕೈಗೆ ಬರುತ್ತದೆ.

3. ಒಂದೇ ವಾದ್ಯ ಕಾಣೆಯಾದರೆ ಅದರ ದಾರಿ ಹಿಡಿದು ಹೋಗಿ. ಮ್ಯೂಟ್, ಸೋಲೋ ಗುಂಡಿಗಳನ್ನು ಎಲ್ಲರೂ ನೋಡುತ್ತಾರೆ. ಆ ಟ್ರ್ಯಾಕಿನ ಔಟ್‌ಪುಟ್ ಎಲ್ಲಿಗೆ ಹೋಗುತ್ತಿದೆ ಎಂದು ನೋಡುವವರು ಕಡಿಮೆ. ಅದು ಮಾಸ್ಟರ್‌ಗೆ ಹೋಗದೆ ನೇರವಾಗಿ ಆಡಿಯೋ ಇಂಟರ್‌ಫೇಸಿನ ಔಟ್‌ಪುಟ್‌ಗೆ ಹೋಗುತ್ತಿದ್ದರೆ ಸ್ಪೀಕರಿನಲ್ಲಿ ಕೇಳುತ್ತದೆ, ಫೈಲಿನಲ್ಲಿ ಇರುವುದಿಲ್ಲ.

ಸದ್ದು ಹೊರಗಿನ ಕೀಬೋರ್ಡಿನಿಂದ ಬರುತ್ತಿದ್ದರೆ ಕಾರಣ ಬೇರೆ. ಎಕ್ಸ್‌ಪೋರ್ಟ್ ಸಾಮಾನ್ಯವಾಗಿ ಹಾಡಿಗಿಂತ ವೇಗವಾಗಿ ನಡೆಯುತ್ತದೆ, ಕೀಬೋರ್ಡು ಆ ವೇಗದಲ್ಲಿ ನುಡಿಯಲಾರದು. ಅದನ್ನು ಮೊದಲು ಆಡಿಯೋ ಆಗಿ ರೆಕಾರ್ಡ್ ಮಾಡಿಕೊಳ್ಳಿ, ಇಲ್ಲವೇ ರಿಯಲ್‌ಟೈಮ್ ಎಕ್ಸ್‌ಪೋರ್ಟ್ ಆರಿಸಿ. ಹಾರ್ಡ್ ಡಿಸ್ಕಿನಿಂದ ಸ್ಯಾಂಪಲ್ ಓದುತ್ತಾ ನುಡಿಯುವ ದೊಡ್ಡ ಸ್ಯಾಂಪ್ಲರುಗಳೂ ಕೆಲವೊಮ್ಮೆ ಈ ಓಟದಲ್ಲಿ ಸ್ವರ ನುಂಗುತ್ತವೆ. ಹಾಡು ನಾಲ್ಕು ನಿಮಿಷವಿದ್ದರೆ ಎಕ್ಸ್‌ಪೋರ್ಟಿಗೂ ನಾಲ್ಕು ನಿಮಿಷ ಹಿಡಿಯಲಿ, ಸ್ವರ ಉಳಿಯುತ್ತದೆ.

ಸ್ವರಲಿಪಿ ಬರೆಯುವವರಿಗೆ ಒಂದು ಮಾತು. 2022ರ ಕೊನೆಗೆ ಬಂದ ಮ್ಯೂಸ್‌ಸ್ಕೋರ್ 4ರಲ್ಲಿ ಮ್ಯೂಸ್ ಸೌಂಡ್ಸ್ ಬೇರೆಯಾಗಿ ಇಳಿಸಿಕೊಳ್ಳಬೇಕಾದ ವಾದ್ಯಗಳ ಸದ್ದಿನ ಸಂಗ್ರಹ. ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅದಿಲ್ಲದಿದ್ದರೆ ನೀವು ಕೇಳಿದ ಪಿಟೀಲು ಅಲ್ಲಿ ಸಿಗುವುದಿಲ್ಲ.

4. ಶ್ರುತಿ ಏರಿದೆಯೇ? ಹಾಡಿನ ಉದ್ದ ಅಳೆಯಿರಿ. ಸ್ಯಾಂಪಲ್ ರೇಟ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದಿದೆ ಎಂಬ ಲೆಕ್ಕ. ಸಿಡಿಯಿಂದ ಬಂದದ್ದು 44.1 ಕಿಲೋಹರ್ಟ್ಸ್, ವಿಡಿಯೋದವರದು 48. ಒಂದನ್ನು ಇನ್ನೊಂದೆಂದು ತಪ್ಪಾಗಿ ಓದಿಬಿಟ್ಟರೆ ವೇಗ, ಶ್ರುತಿ ಎರಡೂ ಒಟ್ಟಿಗೆ ಬದಲಾಗುತ್ತವೆ. 44.1ರ ಹಾಡನ್ನು 48 ಎಂದು ನುಡಿಸಿದರೆ 4 ನಿಮಿಷದ ಹಾಡು ಸುಮಾರು 3 ನಿಮಿಷ 40 ಸೆಕೆಂಡಿಗೆ ಮುಗಿಯುತ್ತದೆ. ಶ್ರುತಿ ಹತ್ತಿರ ಹತ್ತಿರ ಒಂದೂವರೆ ಮನೆ ಏರುತ್ತದೆ. ಬಿಳಿ ಒಂದರ ಹಾಡು ಕಪ್ಪು ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ನಿಲ್ಲುತ್ತದೆ, ಹಾರ್ಮೋನಿಯಂ ಹಿಡಿದರೆ ಯಾವ ಮನೆಗೂ ಕೂರುವುದಿಲ್ಲ. ತಿರುಗುಮುರುಗಾದರೆ ಹಾಡು 4 ನಿಮಿಷ 21 ಸೆಕೆಂಡಿಗೆ ಎಳೆದುಕೊಂಡು ಶ್ರುತಿ ಅಷ್ಟೇ ಇಳಿಯುತ್ತದೆ. ಈ ಲೆಕ್ಕ ತಾಳೆಯಾದರೆ ಬೇರೇನನ್ನೂ ಹುಡುಕಬೇಡಿ. ಪ್ರಾಜೆಕ್ಟ್, ಇಂಟರ್‌ಫೇಸ್, ಎಕ್ಸ್‌ಪೋರ್ಟ್ ಮೂರೂ ಕಡೆ ಒಂದೇ ಸಂಖ್ಯೆ ಇರುವಂತೆ ಮಾಡಿ.

ಉದ್ದ ಸರಿಯಿದ್ದು ಶ್ರುತಿ ಮಾತ್ರ ಬೇರೆಯಾಗಿದ್ದರೆ ಸ್ಯಾಂಪಲ್ ರೇಟನ್ನು ದೂರಬೇಡಿ, ಟ್ರಾನ್ಸ್‌ಪೋಸ್ ನೋಡಿ. ವೀಣೆಯ ಗಮಕವನ್ನು ಪಿಚ್ ಬೆಂಡ್‌ನಲ್ಲಿ ಬರೆಯುವವರು ಅದರ ವ್ಯಾಪ್ತಿಯನ್ನೂ ನೋಡಬೇಕು. ಮಿಡಿ ವಾದ್ಯಗಳಲ್ಲಿ ಅದು ರೂಢಿಯಂತೆ ಮೇಲೆ ಕೆಳಗೆ 2 ಮನೆ. ನೀವು 12 ಇಟ್ಟಿದ್ದು ವಾದ್ಯ ರೀಸೆಟ್ ಆಗಿ 2ಕ್ಕೆ ಇಳಿದರೆ ಉದ್ದ ಜಾರು ಆರನೇ ಒಂದು ಪಾಲಿಗೆ ಕುಗ್ಗಿ, ತೋಡಿಯ ಗಾಂಧಾರ ಆಡುವುದೇ ಇಲ್ಲ. ಇಷ್ಟು ದುಡಿದು ಬರೆದ ಗಮಕ ಒಂದು ಸಂಖ್ಯೆಗೆ ಬಲಿಯಾಗಬಾರದು.

5. ಸದ್ದು ಒಡೆದರೆ ಎಲ್ಲಿ ಒಡೆಯಿತು ಎಂದು ಪತ್ತೆ ಮಾಡಿ. ಹಾಡನ್ನು 32 ಬಿಟ್ ಫ್ಲೋಟ್ ವೇವ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಹೊಸ ಟ್ರ್ಯಾಕಿಗೆ ತಂದು, 6 ಡೆಸಿಬೆಲ್ ತಗ್ಗಿಸಿ, ಒಡೆದ ಜಾಗವನ್ನು ಹಿಗ್ಗಿಸಿ ನೋಡಿ. ಅಲೆಯ ನೆತ್ತಿ ಮತ್ತೆ ದುಂಡಗಾಗಿದ್ದರೆ ತೊಂದರೆ ಮಾಸ್ಟರಿನಲ್ಲಿ: ಸೊನ್ನೆ ಡೆಸಿಬೆಲ್ ದಾಟಿದ ಸದ್ದನ್ನು 16 ಅಥವಾ 24 ಬಿಟ್ ಫೈಲು ಕತ್ತರಿಸಿದೆ, ಫ್ಲೋಟ್ ಉಳಿಸಿಕೊಂಡಿದೆ. ಮಾಸ್ಟರ್ ಇಳಿಸಿದರೆ ಮುಗಿಯಿತು. ನೆತ್ತಿ ಇನ್ನೂ ಚಪ್ಪಟೆಯಾಗಿಯೇ ಇದ್ದರೆ ಸದ್ದು ಅದಕ್ಕೂ ಮೊದಲೇ, ರೆಕಾರ್ಡಿಂಗಿನಲ್ಲೋ ಪ್ಲಗಿನ್ನಿನಲ್ಲೋ ಒಡೆದಿದೆ.

ವೇವ್ ಚೆನ್ನಾಗಿದ್ದು ಎಂಪಿ3 ಮಾತ್ರ ಚರಗುಟ್ಟಿದರೆ, ಸಂಕುಚಿತಗೊಳಿಸುವಾಗ ಅಲೆಯ ತುದಿಗಳು ತುಸು ಮೇಲೇರಿವೆ ಎಂದರ್ಥ. ತುದಿಗೆ 1 ಡೆಸಿಬೆಲ್ ಜಾಗ ಬಿಡಿ. ಜೋರು ಮಾಡಲು ಹೆಣಗಬೇಡಿ. ಸ್ಪಾಟಿಫೈ ತಾನೇ ಹಾಡುಗಳನ್ನು ಸಾಮಾನ್ಯವಾಗಿ ಮೈನಸ್ 14 ಲಫ್ಸ್ (ಸದ್ದಿನ ಜೋರಿನ ಅಳತೆ) ಸುತ್ತ ಸಮ ಮಾಡುತ್ತದೆ.

6. ನಡುನಡುವೆ ಟಕ್ ಎನ್ನುತ್ತಿದ್ದರೆ ಎರಡು ಸಲ ಎಕ್ಸ್‌ಪೋರ್ಟ್ ಮಾಡಿ. ಎರಡರಲ್ಲೂ ಅದೇ ಜಾಗದಲ್ಲಿ ಕೇಳಿದರೆ ಅದು ಹೆಚ್ಚಾಗಿ ಫೇಡ್ ಇಲ್ಲದೆ ಕತ್ತರಿಸಿದ ಅಂಚು. ಅಲ್ಲೊಂದು ಪುಟ್ಟ ಫೇಡ್ ಹಾಕಿ. ಜಾಗ ಬದಲಾಗುತ್ತಿದ್ದರೆ ಪ್ಲಗಿನ್ ತಡವರಿಸುತ್ತಿದೆ, ಮೂರನೇ ಸೂತ್ರದ ನಿಧಾನದ ಎಕ್ಸ್‌ಪೋರ್ಟೇ ಮದ್ದು. ಬಫರ್ ಸೈಜ್ ಹೆಚ್ಚಿಸಿ ಎಂಬ ಸಲಹೆ ಪ್ಲೇ ಮಾಡುವಾಗಿನ ಟಕ್‌ಟಕ್‌ಗೆ ಸರಿ. ವೇಗದ ಎಕ್ಸ್‌ಪೋರ್ಟಿಗೆ ಸಾಮಾನ್ಯವಾಗಿ ಅದರಿಂದ ಏನೂ ಆಗದು.

7. ಕೊನೆಯ ತಂಬೂರಿ ಕತ್ತರಿಸಿಹೋದರೆ ಬಾಲ ಸೇರಿಸಿ. ಕೊನೆಯ ಸ್ವರ ಮುಗಿದರೂ ರಿವರ್ಬ್ ಮುಗಿದಿರುವುದಿಲ್ಲ. ರೀಪರ್‌ನಲ್ಲಿ ಟೇಲ್ ಎಂಬಲ್ಲಿ ಕೆಲವು ಸೆಕೆಂಡು ಕೊಡಿ. ಎಫ್‌ಎಲ್ ಸ್ಟುಡಿಯೋದಲ್ಲಿ ಲೀವ್ ರಿಮೇಂಡರ್ ಆರಿಸಿ.

8. ಎಕ್ಸ್‌ಪೋರ್ಟೇ ನಿಂತುಹೋದರೆ ಡಿಸ್ಕ್ ಮತ್ತು ಫೋಲ್ಡರ್ ನೋಡಿ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋ ವೇವ್ ನಿಮಿಷಕ್ಕೆ ಸುಮಾರು 17 ಎಂಬಿ. ಮೂವತ್ತು ಟ್ರ್ಯಾಕನ್ನು ಬೇರೆ ಬೇರೆ ತೆಗೆದರೆ ಐದು ನಿಮಿಷದ ಹಾಡಿಗೆ ಎರಡೂವರೆ ಜಿಬಿ. ಪೆನ್‌ಡ್ರೈವಿಗೆ ನೇರ ಬರೆಯಬೇಡಿ. ಕಂಪ್ಯೂಟರಿನಲ್ಲೇ ಹೊಸ ಫೋಲ್ಡರ್ ಮಾಡಿ, ಚಿಕ್ಕ ಹೆಸರಿಟ್ಟು ಪ್ರಯತ್ನಿಸಿ. ಆಡಾಸಿಟಿಯಲ್ಲಿ ಎಂಪಿ3ಗಾಗಿ ಲೇಮ್ ಲೈಬ್ರರಿಯನ್ನು ಬೇರೆಯಾಗಿ ಹುಡುಕಿ ಹಾಕಬೇಕಿದ್ದ ಕಾಲ ಹೋಗಿದೆ, ಹಳೆಯ ಸಲಹೆಗಳನ್ನು ನಂಬಿ ಅಲೆಯಬೇಡಿ. ಎಂ4ಎಯಂಥ ಕೆಲವು ಬಗೆಯ ಫೈಲು ಬೇಕಿದ್ದರೆ ಮಾತ್ರ ಎಫ್‌ಎಫ್‌ಎಂಪೆಗ್ ಲೈಬ್ರರಿ ಬೇಕು.

9. ಏನೂ ಹೊಳೆಯದಿದ್ದರೆ ಅರ್ಧ ಮ್ಯೂಟ್ ಮಾಡಿ. ಪ್ರಾಜೆಕ್ಟಿನ ಪ್ರತಿ ತೆಗೆದಿಟ್ಟುಕೊಂಡು, 32 ಟ್ರ್ಯಾಕಿನಲ್ಲಿ 16ನ್ನು ಮ್ಯೂಟ್ ಮಾಡಿ ಕೆಟ್ಟ ಜಾಗದ ಹತ್ತು ಸೆಕೆಂಡು ಎಕ್ಸ್‌ಪೋರ್ಟ್ ಮಾಡಿ. ತೊಂದರೆ ಉಳಿದ ಅರ್ಧದಲ್ಲಿದ್ದರೆ ಅದನ್ನು, ಇಲ್ಲದಿದ್ದರೆ ಮ್ಯೂಟ್ ಮಾಡಿದ ಅರ್ಧವನ್ನು ಮತ್ತೆ ಅರ್ಧ ಮಾಡಿ. ಐದು ಸುತ್ತಿನಲ್ಲಿ ಒಂದೇ ಟ್ರ್ಯಾಕು ಉಳಿಯುತ್ತದೆ. ಆಮೇಲೆ ಅದರ ಪ್ಲಗಿನ್ನುಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ. ಎಷ್ಟೋ ಸಲ ಸಿಕ್ಕಿಬೀಳುವುದು ಆಗಾಗ ಸದ್ದು ನಿಲ್ಲಿಸುವ ಡೆಮೊ ಪ್ಲಗಿನ್.

10. ಬೇರೆಯವರಿಗೆ ಕೊಡುವಾಗ ವೇವ್ ಕೊಡಿ. ಮಿಡಿ ಫೈಲಿನಲ್ಲಿ ಸದ್ದಿಲ್ಲ, ಯಾವ ಸ್ವರ ಯಾವಾಗ ಎಂಬ ಸೂಚನೆ ಮಾತ್ರ. ಎಂಪಿ3 ಮಾಡುವಾಗ ಮೊದಲಿಗೆ ಪುಟ್ಟ ಮೌನ ಸೇರಿಕೊಳ್ಳುವುದರಿಂದ ಬೇರೆ ಬೇರೆ ಕಡೆ ತಯಾರಾದ ಟ್ರ್ಯಾಕುಗಳು ತಾಳಕ್ಕೆ ಕೂಡುವುದಿಲ್ಲ. ಕೊಳಲು ಮೂರನೇ ನಿಮಿಷಕ್ಕೆ ಬಂದರೂ ಆ ಫೈಲು ಮೊದಲ ಬಾರಿನಿಂದಲೇ ಶುರುವಾಗಲಿ. ವಾಟ್ಸ್ಯಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೈಲಿನ ಹೆಸರಲ್ಲೇ ಹಾಡು, ವಾದ್ಯ, ಶ್ರುತಿ, ಬಿಪಿಎಂ, ಸ್ಯಾಂಪಲ್ ರೇಟ್ ಬರೆಯಿರಿ, ಮಿಕ್ಸ್ ಮಾಡುವವರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಕೇಳಬೇಕಾಗುವುದಿಲ್ಲ.