ಶ್ರೀರಂಗಪಟ್ಟಣದಲ್ಲಿ ಒಂದು ಹಗಲು

ನಾವು ನಾಲ್ವರು ಒಂದೇ ಶಾಲೆಯ ಒಂದೇ ಬೆಂಚಿನ ಮೇಲೆ ಕುಳಿತು ಓದಿದವರು. ಮುಂದೆ ಒಬ್ಬನು ಇಂಜಿನಿಯರನಾದನು. ಒಬ್ಬನು ಚರಿತ್ರೆಯ ಉಪಾಧ್ಯಾಯನಾದನು. ಅವನನ್ನು ನಾವು ‘ಮೇಷ್ಟ್ರು’ ಎಂದೇ ಕರೆಯುತ್ತೇವೆ. ಮೂರನೆಯವನು ಮಂಡ್ಯದಲ್ಲಿ ನೆಲೆಸಿ, ಮೈಸೂರಿನ ಕಚೇರಿಯೊಂದಕ್ಕೆ ಹದಿನೆಂಟು ವರ್ಷ ನಿತ್ಯವೂ ರೈಲಿನಲ್ಲಿ ಹೋಗಿಬಂದವನು. ಈ ಇಬ್ಬರಿಗೂ ಶ್ರೀರಂಗಪಟ್ಟಣದ ವಿಷಯದಲ್ಲಿ ಒಮ್ಮೆ ಮಾತಿಗೆ ಮಾತು ಬೆಳೆದು, ಎರಡು ವರ್ಷಗಳಿಂದ ಪತ್ರವ್ಯವಹಾರವೂ ನಿಂತುಹೋಗಿತ್ತು. ಇದನ್ನು ಹೇಗಾದರೂ ಸರಿಪಡಿಸಬೇಕೆಂಬ ಯೋಚನೆಯಿಂದಲೇ ನಾನು ಈ ಪ್ರವಾಸವನ್ನು ಹೂಡಿದೆನು. ಆದರೆ ಅದನ್ನು ಯಾರಿಗೂ ಹೇಳಿರಲಿಲ್ಲ.

ಮಾಗಿಯ ಒಂದು ಮುಂಜಾನೆ ನಾವು ಮೂವರು ಬೆಂಗಳೂರಿನಲ್ಲಿ ಗಾಡಿ ಹತ್ತಿದೆವು. ಕೆಂಗೇರಿ, ಬಿಡದಿಗಳು ಮಂಜಿನಲ್ಲಿ ಹಾದುಹೋದವು. ರಾಮನಗರದ ಹೆಬ್ಬಂಡೆಗಳ ನೆತ್ತಿಯ ಮೇಲೆ ಬಿಸಿಲು ಬೀಳುವ ಹೊತ್ತಿಗೆ ಮೇಷ್ಟ್ರು ಮಾತಿಗೆ ತೊಡಗಿದನು. ಬೆಂಗಳೂರಿನಿಂದ ಮೈಸೂರಿಗೆ ಈ ದಾರಿ ಪೂರ್ಣಗೊಂಡುದು 1882ರಲ್ಲಿ. ಅದಕ್ಕೆ ಕೆಲವೇ ವರ್ಷಗಳ ಹಿಂದೆ, 1876ರಿಂದ 1878ರವರೆಗೆ, ಮೈಸೂರು ಸೀಮೆಯನ್ನು ಭೀಕರವಾದ ಕ್ಷಾಮವು ನುಂಗಿತ್ತು. ಹಸಿದವರಿಗೆ ಕೂಲಿ ದೊರೆಯಲೆಂದು ಕೈಗೊಂಡ ಕಾಮಗಾರಿಗಳಲ್ಲಿ ಈ ರೈಲುದಾರಿಯ ಮಣ್ಣು ಕೆಲಸವೂ ಒಂದು. “ನಾವು ಕುಳಿತಿರುವ ಈ ಗಾಡಿಯ ಕೆಳಗೆ ಒಂದು ಹಿಡಿ ರಾಗಿಗಾಗಿ ಮಣ್ಣು ಹೊತ್ತವರ ಬೆವರಿದೆ” ಎಂದು ಅವನು ಹೇಳಿದಾಗ, ಮದ್ದೂರು ವಡೆಯ ಪೊಟ್ಟಣವನ್ನು ಬಿಚ್ಚುತ್ತಿದ್ದ ಇಂಜಿನಿಯರ್ ಗೆಳೆಯನ ಕೈ ಕ್ಷಣಕಾಲ ತಡೆಯಿತು. ಆದರೂ ವಡೆ ಉಳಿಯಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಮಂಡ್ಯದಲ್ಲಿ ನಮ್ಮ ಗೆಳೆಯನು ಹತ್ತಿದನು. ಮೇಷ್ಟ್ರು ಕಿಟಕಿಯ ಕಡೆಗೆ ಮುಖ ತಿರುಗಿಸಿದನು. ಕುಶಲ ಪ್ರಶ್ನೆಗಳೆಲ್ಲ ನನ್ನ ಮತ್ತು ಇಂಜಿನಿಯರನ ಮೂಲಕವೇ ನಡೆದವು. ಪಾಂಡವಪುರ ಬಂದಿತು, ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದುದರಿಂದ ಆಂಗ್ಲರು ಆ ಊರನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆಯುತ್ತಿದ್ದರು. ಆಮೇಲೆ ಗಾಡಿ ಕಾವೇರಿಯ ಸೇತುವೆಯನ್ನು ಸದ್ದು ಮಾಡುತ್ತ ದಾಟಿ, ಕೋಟೆಯ ಒಳಗೇ ಪ್ರವೇಶಿಸಿತು. ರೈಲುಗಾಡಿಯು ಹೀಗೆ ಕೋಟೆಯ ನಡುವೆಯೇ ಹಾದುಹೋಗುವ ಊರುಗಳು ನಮ್ಮಲ್ಲಿ ಹೆಚ್ಚಿಲ್ಲ. “ಹದಿನೆಂಟು ವರ್ಷ ದಿನಕ್ಕೆ ಎರಡು ಸಲ ಇದನ್ನು ನೋಡಿದ್ದೇನೆ. ಒಂದು ದಿನವೂ ಇಲ್ಲಿ ಇಳಿದವನಲ್ಲ” ಎಂದನು ಮಂಡ್ಯದ ಗೆಳೆಯ.

ಕಾವೇರಿಯು ಎರಡು ಕವಲಾಗಿ ಸುತ್ತುವರಿದ ದ್ವೀಪ ಈ ಪಟ್ಟಣ. ಗಂಗರ ಸಾಮಂತನಾದ ತಿರುಮಲಯ್ಯನು 894ರಲ್ಲಿ ಕಟ್ಟಿಸಿದನೆನ್ನಲಾದ ರಂಗನಾಥನ ಗುಡಿಯು ಹೊಯ್ಸಳರ, ವಿಜಯನಗರದ ಅರಸರ ಕಾಲದಲ್ಲಿ ಬೆಳೆಯುತ್ತ ಬಂದಿತು. 1610ರಲ್ಲಿ ರಾಜ ಒಡೆಯರು ಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ಪಡೆದು ತಮ್ಮ ರಾಜಧಾನಿಯನ್ನಾಗಿ ಮಾಡಿಕೊಂಡರು. ಶೇಷಶಯನನ ದರ್ಶನ ಮಾಡಿಕೊಂಡು ನಾವು ಕೋಟೆಯ ಗೋಡೆಯ ಮೇಲೆ ಬಂದು ನಿಂತೆವು. ಕೆಳಗೆ ಬಂಡೆಗಳ ನಡುವೆ ನೀರು ತೆಳ್ಳಗೆ ಹರಿಯುತ್ತಿತ್ತು.

ಇಲ್ಲಿ ಮೇಷ್ಟ್ರ ಕಂಠ ಬದಲಾಯಿತು. 1799ರ ಮೇ 4ರ ಮಧ್ಯಾಹ್ನ. ಬೇಸಗೆಯಾದುದರಿಂದ ಹೊಳೆಯಲ್ಲಿ ನೀರು ಕಡಮೆ. ಮುಂಗಾರು ಹಿಡಿದು ಪ್ರವಾಹ ಬಂದರೆ ಕೋಟೆಯನ್ನು ಮುಟ್ಟುವುದೇ ಅಸಾಧ್ಯವೆಂಬುದು ಆಂಗ್ಲ ಸೇನಾಪತಿಗಳಿಗೆ ತಿಳಿದಿತ್ತು. ಫಿರಂಗಿಗಳು ಗೋಡೆಯಲ್ಲಿ ಕೊರೆದ ಬಿರುಕಿನ ಕಡೆಗೆ ಅವರ ಸೈನಿಕರು ಬಂಡೆಯಿಂದ ಬಂಡೆಗೆ ಹೆಜ್ಜೆಯಿಟ್ಟು, ಮೊಣಕಾಲುದ್ದದ ನೀರಿನಲ್ಲಿ ಓಡಿದರು. ಸಂಜೆಯೊಳಗಾಗಿ ಎಲ್ಲವೂ ಮುಗಿಯಿತು. ಕತ್ತಲಾದ ಮೇಲೆ ಪಂಜಿನ ಬೆಳಕಿನಲ್ಲಿ, ಕೋಟೆಯ ಬಾಗಿಲೊಂದರ ಬಳಿ ಹೆಣಗಳ ರಾಶಿಯ ನಡುವೆ ಟಿಪ್ಪು ಸುಲ್ತಾನನ ದೇಹವನ್ನು ಗುರುತಿಸಿದರು. ಆ ಸ್ಥಳದಲ್ಲಿ ಈಗ ಒಂದು ಕಲ್ಲಿನ ಗುರುತಿದೆ. ಮಾತು ಮುಗಿದರೂ ನಮ್ಮಲ್ಲಿ ಯಾರೂ ಅಲ್ಲಿಂದ ಬೇಗ ಕದಲಲಿಲ್ಲ.

ದರಿಯಾ ದೌಲತ್ ಕೋಟೆಯಿಂದ ಹೊರಗೆ, ಹೊಳೆಯ ದಂಡೆಯ ತೋಟದಲ್ಲಿದೆ. 1784ರಲ್ಲಿ ಕಟ್ಟಿದ ಈ ಬೇಸಗೆಯ ಅರಮನೆ ಬಹುಮಟ್ಟಿಗೆ ಮರದ್ದು. ಬಿಸಿಲು ತಾಗದಂತೆ ಇಳಿಬಿಟ್ಟ ಪರದೆಗಳ ಹಿಂದೆ, ಪಡುವಣ ಗೋಡೆಯ ಮೇಲೆ, 1780ರ ಪೊಳ್ಳಿಲೂರಿನ ಕಾಳಗದ ಚಿತ್ರವಿದೆ. ಗಾಯಗೊಂಡ ಆಂಗ್ಲ ಸೇನಾನಿ ಬೈಲಿಯು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ; ಸುತ್ತಲೂ ಅವನ ಸೈನಿಕರು ಚೌಕಾಕಾರವಾಗಿ ನಿಂತಿದ್ದಾರೆ; ಮದ್ದಿನ ಬಂಡಿ ಸಿಡಿಯುತ್ತಿದೆ. ನನಗೆ ಹಿಡಿಸಿದುದು ಇದಾವುದೂ ಅಲ್ಲ. ಅಷ್ಟೊಂದು ಕತ್ತಿಗಳ ನಡುವೆಯೂ ಹೂವನ್ನು ಮೂಸುವವನಂತೆ ನಿಶ್ಚಿಂತನಾಗಿ ಸಾಗುವ ಸುಲ್ತಾನನ ಮುಖವೇ ನನ್ನ ಕಣ್ಣಿನಲ್ಲಿ ನಿಂತಿತು. ಗುಂಬಜ್‌ಗೆ ಹೋಗಿ ಹೈದರಾಲಿ, ಅವನ ಪತ್ನಿ ಹಾಗೂ ಟಿಪ್ಪುವಿನ ಸಮಾಧಿಗಳನ್ನು ಕಂಡು, ತಂದಿದ್ದ ಬುತ್ತಿಯನ್ನು ಮರದ ನೆರಳಿನಲ್ಲಿ ಉಂಡೆವು.

ಇನ್ನು ಉಳಿದುದು ಮದ್ದಿನ ಮನೆ. ಜಗಳಕ್ಕೆ ಕಾರಣವಾದುದೂ ಅದೇ.

ಟಿಪ್ಪುವಿನ ಕಾಲದ ಆ ಶಸ್ತ್ರಾಗಾರವು ರೈಲುದಾರಿಗೆ ಅಂಟಿಕೊಂಡಂತೆ ಇತ್ತು. ಬೆಂಗಳೂರು–ಮೈಸೂರು ದಾರಿಯ ಬಹುಭಾಗದಲ್ಲಿ ಜೋಡಿ ಹಳಿ ಬಂದ ಮೇಲೂ ಇಲ್ಲಿ ಸ್ವಲ್ಪ ದೂರ ಒಂಟಿ ಹಳಿಯೇ ಉಳಿದಿತ್ತು. ಕಟ್ಟಡವನ್ನು ಕೆಡವಬಾರದು, ಹಳಿಯೂ ಬೇಕು. ಕೊನೆಗೆ 2017ರ ಮಾರ್ಚ್ ತಿಂಗಳಿನಲ್ಲಿ ಆ ಕಟ್ಟಡವನ್ನು ಇಡಿಯಾಗಿಯೇ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸಾಗಿಸಿ, ಬೇರೆಡೆ ನಿಲ್ಲಿಸಿದರು.

“ಸುಮಾರು 1000 ಟನ್ ತೂಕ!” ಎಂದು ಇಂಜಿನಿಯರ್ ಗೆಳೆಯನು ಕೈಬೀಸುತ್ತ ವಿವರಿಸಿದನು. “ಇಟ್ಟಿಗೆ, ಗಾರೆಯ ಕಟ್ಟಡ. ಕಬ್ಬಿಣದ ಸಲಾಕೆಯೊಂದೂ ಒಳಗಿಲ್ಲ. ಒಂದು ಮೂಲೆ ಬೆರಳಿನಷ್ಟು ಹೆಚ್ಚು ಎದ್ದರೂ ಬಿರುಕು ಬಿಟ್ಟಿತೆಂದೇ ಲೆಕ್ಕ. ಸುತ್ತಲೂ ಮಣ್ಣು ತೆಗೆದು, ಅಡಿಯಲ್ಲಿ ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕ್‌ಗಳಿಂದ ಎಲ್ಲ ಕಡೆಯೂ ಒಂದೇ ಸಮನಾಗಿ ಎತ್ತಬೇಕು. ಆಮೇಲೆ ಗಾಲಿಗಳ ಮೇಲೆ ಇರುವೆಯ ನಡಿಗೆ!”

ಮೇಷ್ಟ್ರು ಆ ಗೋಡೆಯ ಸುತ್ತ ನಿಧಾನವಾಗಿ ನಡೆದನು. ಅಂಗೈಯಿಂದ ಇಟ್ಟಿಗೆಗಳನ್ನು ಸವರಿ ನೋಡಿದನು. ಬಿರುಕನ್ನು ಹುಡುಕುತ್ತಿದ್ದನೆಂದು ನನಗೆ ಅನಿಸಿತು. ಕಡೆಗೆ, “ಗೋಡೆ ಬಂದಿದೆ, ನೆಲ ಬಂದಿಲ್ಲ” ಎಂದನು. “ಮದ್ದಿನ ಮನೆಯನ್ನು ಅವರು ಎಲ್ಲಿ ಕಟ್ಟಿದರು, ಕೋಟೆಗೋಡೆಗೆ ಎಷ್ಟು ದೂರ, ಏಕೆ ಅಲ್ಲಿಯೇ ಕಟ್ಟಿದರು ಎಂಬುದೂ ಚರಿತ್ರೆಯೇ. ಮುಂದೆ ನನ್ನ ಮಕ್ಕಳನ್ನು ಇಲ್ಲಿಗೆ ಕರೆತಂದರೆ ಏನೆಂದು ಹೇಳಲಿ?”

ಎರಡು ವರ್ಷಗಳ ಹಿಂದೆ ಇದೇ ಮಾತಿಗೆ ಮಂಡ್ಯದ ಗೆಳೆಯನು ಸಿಟ್ಟಾಗಿ, “ಸತ್ತ ಮದ್ದಿಗೆ ಇರುವ ಬೆಲೆ ಬದುಕಿರುವವರಿಗೆ ಇಲ್ಲವೇ?” ಎಂದಿದ್ದನು. ಈ ಸಲ ಅವನು ದನಿ ಎತ್ತಲಿಲ್ಲ. “ಮೇಷ್ಟ್ರೇ, ಆಗ ಹೇಳಲಿಲ್ಲ, ಈಗ ಹೇಳುತ್ತೇನೆ ಕೇಳಿ. ನಮ್ಮ ತಂದೆಯವರಿಗೆ ಕಾಯಿಲೆ ಹೆಚ್ಚಾಯಿತೆಂದು ಸುದ್ದಿ ಬಂದು ಕಚೇರಿಯಿಂದ ಓಡಿಬಂದೆ. ದಾರಿಯಲ್ಲಿ ಎದುರು ಗಾಡಿ ದಾಟಲೆಂದು ನಮ್ಮ ಗಾಡಿ ಮುಕ್ಕಾಲು ಗಂಟೆ ನಿಂತಿತು. ಅದು ಯಾರ ತಪ್ಪೂ ಅಲ್ಲ, ಹಳಿ ಇದ್ದುದೇ ಒಂದು. ಮನೆ ಸೇರುವಾಗ ಎಲ್ಲವೂ ಮುಗಿದಿತ್ತು.”

ಮೇಷ್ಟ್ರು ಏನನ್ನೂ ಹೇಳಲಿಲ್ಲ. ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಅವನ ಮುಖವನ್ನು ನೇರವಾಗಿ ನೋಡಿದನು.

“ಬನ್ನಿ, ನೆಲವನ್ನು ನಾನು ತೋರಿಸುತ್ತೇನೆ” ಎಂದು ಮಂಡ್ಯದ ಗೆಳೆಯನು ಮುಂದೆ ಹೊರಟನು. ಹಳಿಯ ಬದಿಯಲ್ಲಿ, ಅಪಾಯವಿಲ್ಲದಷ್ಟು ದೂರದಲ್ಲಿ ನಿಂತು ಬೆರಳು ಮಾಡಿದನು. “ಅಗೋ, ಅಲ್ಲಿ. ನಾನು ಯಾವಾಗಲೂ ಕೂರುತ್ತಿದ್ದುದು ಇದೇ ಕಡೆಯ ಕಿಟಕಿ. ಮಳೆಗಾಲದಲ್ಲಿ ಅದರ ನೆತ್ತಿಯ ಮೇಲೆ ಹುಲ್ಲು ಬೆಳೆಯುತ್ತಿತ್ತು. ಮೇಕೆಗಳು ಹತ್ತಿ ಮೇಯುತ್ತಿದ್ದವು. ಮುಕ್ಕಾಲು ಪಾಲು ನೆಲದೊಳಕ್ಕೆ ಹುದುಗಿದ ಹಾಗೆ ಕಾಣುತ್ತಿತ್ತು.” ಮೇಷ್ಟ್ರು ಚೀಲದಿಂದ ಕಾಗದ ಪೆನ್ಸಿಲ್ಲು ತೆಗೆದನು. ಕೋಟೆಗೋಡೆ ಯಾವ ಕಡೆ, ಬಾಗಿಲು ಯಾವ ದಿಕ್ಕಿಗಿತ್ತು, ಹಳಿಗೆ ಎಷ್ಟು ಹೆಜ್ಜೆ ಎಂದು ಒಂದೊಂದಾಗಿ ಕೇಳುತ್ತ ನಕ್ಷೆ ಬರೆದುಕೊಂಡನು. ಒಂದೆರಡು ಕಡೆ ಗೆಳೆಯನು ತಡವರಿಸಿದಾಗ, “ಅವಸರವಿಲ್ಲ, ನೆನಪು ಮಾಡಿಕೋ ಮಾರಾಯ” ಎಂದನು. ಇಂಜಿನಿಯರನೂ ನಾನೂ ಸ್ವಲ್ಪ ದೂರ ಸರಿದು ನಿಂತೆವು. ಅಷ್ಟರಲ್ಲಿ ಮೈಸೂರಿನ ಕಡೆಯಿಂದ ಒಂದು ಗಾಡಿ, ಮಂಡ್ಯದ ಕಡೆಯಿಂದ ಒಂದು ಗಾಡಿ, ಯಾವುದೂ ಯಾವುದಕ್ಕೂ ಕಾಯದೆ, ಅಕ್ಕಪಕ್ಕದ ಹಳಿಗಳ ಮೇಲೆ ಹಾದುಹೋದವು. ನಕ್ಷೆಯ ಕಾಗದ ಗಾಳಿಗೆ ಪಟಪಟನೆ ಬಡಿಯಿತು. ಮಂಡ್ಯದ ಗೆಳೆಯನು ಅದರ ತುದಿಯನ್ನು ಹಿಡಿದುಕೊಂಡನು.

ಸಂಗಮಕ್ಕೂ, 1804ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಗೂ ಹೋಗಬೇಕೆಂದಿದ್ದೆವು. ಹೊತ್ತು ಸಾಲಲಿಲ್ಲ. ಓಡೋಡಿ ನಿಲ್ದಾಣ ಸೇರುವ ವೇಳೆಗೆ ಗಾಡಿ ಬಂದು ನಿಂತಿತ್ತು. ಮಂಡ್ಯದ ಗೆಳೆಯನು ತನ್ನ ಹಳೆಯ ಕಡೆಯ ಕಿಟಕಿಯನ್ನು ಹಿಡಿದು, ಅಲ್ಲಿ ಮೇಷ್ಟ್ರನ್ನು ಕೂರಿಸಿದನು. ಗಾಡಿ ಹೊರಟಿತು. “ಈಗ ನೋಡಿ, ಈಗ!” ಎಂದು ಅವನ ಭುಜವನ್ನು ತಟ್ಟಿದನು. ಮೇಷ್ಟ್ರು ಕಿಟಕಿಯ ಸರಳುಗಳಿಗೆ ಹಣೆಯೊತ್ತಿ, ಬರಿಯ ಜಲ್ಲಿಕಲ್ಲು ಹಾಸಿದ ಆ ಜಾಗವನ್ನು ಅದು ಮರೆಯಾಗುವವರೆಗೂ ನೋಡುತ್ತಿದ್ದನು.