ತುಂಡಾದ ವರ್ಣತಂತು

ನಮ್ಮ ಎಲುಬುಗಳೊಳಗಿನ ಮಜ್ಜೆಯು ರಕ್ತಕಣಗಳ ತವರು. ಹಳೆಯ ಕಣಗಳು ಅಳಿದಂತೆಲ್ಲ ದೇಹಕ್ಕೆ ಬೇಕಾದಷ್ಟೇ ಹೊಸ ಕಣಗಳು ಅಲ್ಲಿ ಹುಟ್ಟುತ್ತವೆ. ಈ ಅಳತೆ ತಪ್ಪಿ ಕಣಗಳು ಮಿತಿಮೀರಿ ಬೆಳೆಯುವ ಕೆಲವು ದೀರ್ಘಕಾಲದ ರೋಗಗಳುಂಟು. ಅಮೆರಿಕದ ವೈದ್ಯ ವಿಲಿಯಂ ಡೇಮ್‌ಶೆಕ್ ಅವರು 1951ರಲ್ಲಿ ಇವುಗಳನ್ನು ಒಂದೇ ಕುಟುಂಬದ ರೋಗಗಳೆಂದು ಗುರುತಿಸಿದರು.

ಈ ಕುಟುಂಬದ ಒಂದು ರೋಗದಲ್ಲಿ ಬಿಳಿಯ ರಕ್ತಕಣಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ರೋಗಿಯು ಬಳಲುತ್ತಾನೆ, ಅವನ ತೂಕ ಇಳಿಯುತ್ತದೆ, ಗುಲ್ಮವು ಊದಿಕೊಳ್ಳುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಕೆಲವು ವರ್ಷಗಳಲ್ಲಿ ರೋಗವು ಉಗ್ರರೂಪ ತಾಳಿ ಪ್ರಾಣವನ್ನೇ ಕಸಿಯುತ್ತದೆ. ಹಿಂದಿನ ಔಷಧಗಳು ಕಣಗಳ ಸಂಖ್ಯೆಯನ್ನು ಇಳಿಸುತ್ತಿದ್ದವಾದರೂ ಬಹುಮಂದಿಯಲ್ಲಿ ರೋಗದ ಮುನ್ನಡೆಯನ್ನು ತಡೆಯಲಾರದೆ ಹೋದವು. ಮಜ್ಜೆಯ ಕಸಿ ಕೆಲವರನ್ನು ಗುಣಪಡಿಸಿತು. ಆದರೆ ಹೊಂದುವ ದಾನಿ ಎಲ್ಲರಿಗೂ ದೊರೆಯುತ್ತಿರಲಿಲ್ಲ, ಅಪಾಯವೂ ಕಡಿಮೆಯಿರಲಿಲ್ಲ.

1960ರಲ್ಲಿ ಫಿಲಡೆಲ್ಫಿಯಾ ನಗರದ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಎಂಬ ವಿಜ್ಞಾನಿಗಳು ಈ ರೋಗಿಗಳ ಜೀವಕೋಶಗಳಲ್ಲಿ ಅಸಹಜವಾಗಿ ಗಿಡ್ಡಾದ ಒಂದು ವರ್ಣತಂತುವನ್ನು ಕಂಡರು. ತುಂಡಾದ ಭಾಗ ಎಲ್ಲಿಗೆ ಹೋಯಿತು? 1973ರಲ್ಲಿ ಷಿಕಾಗೋದ ಜಾನೆಟ್ ರೌಲಿ ಅವರು ಉತ್ತರವಿತ್ತರು. 22ನೆಯ ವರ್ಣತಂತುವಿನ ತುಂಡು 9ನೆಯದಕ್ಕೆ ಅಂಟಿಕೊಂಡಿತ್ತು. 9ನೆಯದರ ಚಿಕ್ಕ ತುಂಡೊಂದು 22ನೆಯದನ್ನು ಸೇರಿರುವುದು ಮುಂದೆ ತಿಳಿದುಬಂದಿತು. ಹೀಗೆ ಎರಡು ವಂಶವಾಹಿಗಳು ಬೆಸೆದು, ವಿಕೃತವಾದ ಒಂದು ಕಿಣ್ವ ಹುಟ್ಟುತ್ತದೆ. ಅದು ಬಿಡುವಿಲ್ಲದೆ ಜೀವಕೋಶಕ್ಕೆ 'ಒಡೆ, ಬೆಳೆ' ಎಂದು ಆಜ್ಞಾಪಿಸುತ್ತದೆ.

ಮೂಲ ತಿಳಿದ ಮೇಲೆ ಮದ್ದಿನ ದಾರಿ ತೆರೆಯಿತು. ಈ ಕಿಣ್ವವು ಶಕ್ತಿ ಪಡೆಯುವ ಕುಳಿಯಲ್ಲಿ ಕುಳಿತು ಅದರ ಕೆಲಸವನ್ನು ನಿಲ್ಲಿಸುವ ಇಮ್ಯಾಟಿನಿಬ್ ಎಂಬ ಔಷಧವು ಸಿದ್ಧವಾಯಿತು. 1998ರಲ್ಲಿ ಬ್ರಯಾನ್ ಡ್ರೂಕರ್ ಅವರ ಮುಂದಾಳುತನದಲ್ಲಿ ರೋಗಿಗಳ ಮೇಲೆ ಅದರ ಪ್ರಯೋಗ ಆರಂಭವಾಯಿತು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಸೇವಿಸಿದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜಸ್ಥಿತಿಗೆ ಮರಳಿತು. 2001ರಲ್ಲಿ ಅಮೆರಿಕದ ಸರ್ಕಾರವು ಔಷಧಕ್ಕೆ ಒಪ್ಪಿಗೆಯಿತ್ತಿತು.

ಮದ್ದು ಬಂದರೆ ಸಾಲದು; ಅದು ಬಡವನ ಕೈಗೂ ಎಟುಕಬೇಕು. ಇಮ್ಯಾಟಿನಿಬ್‌ನ ಒಂದು ಹೊಸ ರೂಪಕ್ಕೆ ಭಾರತದಲ್ಲಿ ಪೇಟೆಂಟು ಸಲ್ಲದೆಂದು ನಮ್ಮ ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ತೀರ್ಪಿತ್ತಿತು. ಇದರಿಂದ ನಮ್ಮ ದೇಶದ ಕಂಪನಿಗಳು ಕಡಿಮೆ ಬೆಲೆಯ ಗುಳಿಗೆಗಳ ತಯಾರಿಕೆಯನ್ನು ಮುಂದುವರಿಸಲು ಅಡ್ಡಿಯಿಲ್ಲದಾಯಿತು.

ಇಂದು ಈ ರೋಗಿಗಳಲ್ಲಿ ಅನೇಕರು ದಿನವೂ ಗುಳಿಗೆ ನುಂಗುತ್ತ, ಉಳಿದವರಂತೆಯೇ ದುಡಿದು ಬಾಳುತ್ತಿದ್ದಾರೆ. ವೈದ್ಯರ ಸಲಹೆಯಿಲ್ಲದೆ ಗುಳಿಗೆ ಬಿಟ್ಟರೆ ರೋಗ ಮತ್ತೆ ತಲೆಯೆತ್ತಬಹುದು. ಆದರೆ ಇದೇ ಕುಟುಂಬದ ಎಲ್ಲ ರೋಗಗಳೂ ಇಷ್ಟು ಸುಲಭವಾಗಿ ಮಣಿದಿಲ್ಲ. ಅವುಗಳಲ್ಲಿ ಹಲವಕ್ಕೆ ಕಾರಣವಾದ ವಂಶವಾಹಿಯ ದೋಷವೊಂದು 2005ರಲ್ಲಿ ಪತ್ತೆಯಾಯಿತು. ಮಜ್ಜೆಯು ನಾರುಗಟ್ಟುವ ರೋಗಕ್ಕೆ 2011ರಲ್ಲಿ ಬಂದ ರುಕ್ಸೊಲಿಟಿನಿಬ್ ಊದಿದ ಗುಲ್ಮವನ್ನು ಕುಗ್ಗಿಸಿ ನರಳಾಟವನ್ನು ತಗ್ಗಿಸುತ್ತದೆಯೇ ಹೊರತು ರೋಗವನ್ನು ಬೇರುಸಹಿತ ಕೀಳದು.

ಗಿಡ್ಡಾದ ವರ್ಣತಂತುವನ್ನು ಕಂಡ ದಿನದಿಂದ ಗುಳಿಗೆ ಬರುವವರೆಗೆ ನಲವತ್ತೊಂದು ವರ್ಷಗಳು ಸಂದವು. ಮೊದಲು ಕಂಡವರಿಗೆ ಅದರ ಕೊನೆಯ ಫಲ ತಿಳಿದಿರಲಿಲ್ಲ. ಆದರೂ ಕಂಡುದನ್ನು ಕಂಡಂತೆ ಬರೆದಿಟ್ಟರು. ಮುಂದಿನವರು ಅದರ ಮೇಲೆಯೇ ಕಟ್ಟಿದರು.